ಕಾಯುವ ಕೈಯ ಹೊಣೆ

ತನ್ನ ಅಥವಾ ಮತ್ತೊಬ್ಬರ ಪ್ರಾಣಕ್ಕೆ ಸಂಚಕಾರ ಬಂದಾಗ ದಾಳಿ ಮಾಡಿದವರ ಮೇಲೆ ಬಲ ಪ್ರಯೋಗಿಸುವುದು ಆತ್ಮರಕ್ಷಣೆ. ದಾಳಿ ಮಾಡಿದವನು ಅದರಲ್ಲಿ ಸತ್ತುಹೋದರೂ ಕೆಲವು ಸಂದರ್ಭಗಳಲ್ಲಿ ಅದು ಅಪರಾಧವಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಈ ಹಕ್ಕನ್ನು ವಿವರಿಸುತ್ತವೆ. 2024ರ ಜುಲೈ 1ಕ್ಕೆ ಮುಂಚೆ ಇವೇ ನಿಯಮಗಳು ಭಾರತೀಯ ದಂಡ ಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದವು; ಸಂಖ್ಯೆ ಬದಲಾಯಿತೇ ಹೊರತು ತಿರುಳು ಹೆಚ್ಚೇನೂ ಬದಲಾಗಲಿಲ್ಲ. ಶಿಕ್ಷೆ ಉಂಟೋ ಇಲ್ಲವೋ ಎಂಬುದನ್ನು ಕಾನೂನು ಹೇಳುತ್ತದೆ. ಮಾಡಿದ್ದು ಸರಿಯೇ, ಸರಿಯಾದರೂ ಅದರ ಭಾರ ಯಾರ ಮೇಲೆ ಉಳಿಯುತ್ತದೆ ಎಂಬುದು ಬೇರೆ ಪ್ರಶ್ನೆ.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಇದು ಪುಸ್ತಕದೊಳಗಿನ ಪ್ರಶ್ನೆಯಾಗಿ ಉಳಿದಿಲ್ಲ. ಇಲ್ಲಿಯ ಮನೆಗಳು ಒತ್ತೊತ್ತಾಗಿಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ, ಗುಡ್ಡದ ಆಚೆ ಇನ್ನೊಂದು. ಕೂಗಿದರೆ ಓಡಿ ಬರುವವರು ನೆರೆಯವರೇ, ಠಾಣೆಯಿಂದ ಜೀಪು ಬರುವುದು ಆಮೇಲೆ. ಸುಳ್ಯ ಮತ್ತು ಕಡಬದ ಅನೇಕ ಗ್ರಾಮಗಳಿಗೆ ಮೀಸಲು ಅರಣ್ಯವೇ ಗಡಿ. ಬೆಳೆ ರಕ್ಷಣೆಗೆಂದು, ಆತ್ಮರಕ್ಷಣೆಗೆಂದು ಲೈಸನ್ಸ್ ಪಡೆದ ಕೋವಿಗಳು ಈ ಕಡೆಯ ಕೃಷಿಕರ ಮನೆಗಳಲ್ಲಿ ಬಹಳ ಕಾಲದಿಂದ ಇವೆ. ಬಲ ಪ್ರಯೋಗಿಸಬೇಕೇ, ಎಷ್ಟು, ಯಾರ ಮೇಲೆ ಎಂಬುದನ್ನು ಇಲ್ಲಿ ಸಾಮಾನ್ಯ ಮನುಷ್ಯನೇ, ಹೆಚ್ಚಾಗಿ ಕತ್ತಲೆಯಲ್ಲಿ, ನಿರ್ಧರಿಸಬೇಕಾಗಿ ಬರುತ್ತದೆ.

ಕಾನೂನು ಈ ಹಕ್ಕನ್ನು ಉದಾರವಾಗಿಯೇ ಕೊಟ್ಟಿದೆ. 35ನೇ ಕಲಮಿನ ಪ್ರಕಾರ ಯಾವುದೇ ವ್ಯಕ್ತಿ ತನ್ನ ದೇಹವನ್ನು ಮಾತ್ರವಲ್ಲ, ಬೇರೆ ಯಾರ ದೇಹವನ್ನಾದರೂ ರಕ್ಷಿಸಬಹುದು. ಅಪಾಯದಲ್ಲಿ ಇರುವವರು ನೆಂಟರಾಗಿರಬೇಕಿಲ್ಲ, ಪರಿಚಿತರೂ ಆಗಿರಬೇಕಿಲ್ಲ. ಏಳು ಬಗೆಯ ದಾಳಿಗಳಲ್ಲಿ ಈ ಹಕ್ಕು ದಾಳಿಕೋರನ ಸಾವಿನವರೆಗೂ ಹೋಗುತ್ತದೆ: ಸಾವಿನ ಭಯ ಹುಟ್ಟಿಸುವ ಹಲ್ಲೆ, ತೀವ್ರ ಗಾಯದ ಭಯ ಹುಟ್ಟಿಸುವ ಹಲ್ಲೆ, ಅತ್ಯಾಚಾರಕ್ಕೆ ನಡೆಸಿದ ದಾಳಿ, ಅಸ್ವಾಭಾವಿಕ ಕಾಮದ ದಾಳಿ, ಅಪಹರಣ, ಹೊರಗಿನ ನೆರವು ಸಿಗದಂತೆ ಕೂಡಿಹಾಕುವುದು, ಮತ್ತು 2013ರಲ್ಲಿ ಹಳೆಯ ಸಂಹಿತೆಗೆ ಸೇರಿಸಿದ ಆಸಿಡ್ ದಾಳಿ. ಆಸ್ತಿಯ ವಿಷಯದಲ್ಲಿ ಕಾನೂನಿನ ಕೈ ಬಿಗಿ. ದರೋಡೆ, ರಾತ್ರಿ ಹೊತ್ತು ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ, ಪ್ರಾಣಕ್ಕೆ ಅಪಾಯವಿದೆ ಎನಿಸುವಂಥ ಕಳ್ಳತನ ಅಥವಾ ಅತಿಕ್ರಮಣ ಇವುಗಳಲ್ಲಿ ಮಾತ್ರ ಪ್ರಾಣ ತೆಗೆಯುವಷ್ಟು ಬಲಕ್ಕೆ ಅವಕಾಶವಿದೆ. ಹಗಲಲ್ಲಿ ತೋಟಕ್ಕೆ ನುಗ್ಗಿ ಅಡಿಕೆ ಗೊನೆ ಇಳಿಸುವವನನ್ನು ಹಿಡಿಯಬಹುದು, ತಡೆಯಬಹುದು. ಅವನಿಗೆ ಗುಂಡು ಹೊಡೆಯುವಂತಿಲ್ಲ.

ಮಿತಿಗಳನ್ನು ಹೇಳುವುದು 37ನೇ ಕಲಮು. ಅಧಿಕಾರಿಗಳ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತೆಯೂ ಇಲ್ಲ. ಈ ಎರಡು ಮಾತುಗಳ ಮೇಲೆಯೇ ಆತ್ಮರಕ್ಷಣೆಯ ಬಹುಪಾಲು ಮೊಕದ್ದಮೆಗಳು ನಿಂತಿರುತ್ತವೆ. ಬಾಗಿಲು ಒಡೆಯುತ್ತಿರುವಾಗ ಎಷ್ಟು ಬಲ ಸಾಕು ಎಂದು ಅಳೆಯುವುದು ಯಾರಿಗೆ ಸಾಧ್ಯ? ನ್ಯಾಯಾಲಯಗಳು ಈ ಕಷ್ಟವನ್ನು ಅರಿತಿವೆ. ಮಧ್ಯಪ್ರದೇಶದ ಕಟ್ನಿಯಲ್ಲಿ 1950ರ ಮಾರ್ಚ್‌ನಲ್ಲಿ ಕೋಮು ಗಲಭೆ ನಡೆದಾಗ ಅಮ್ಜದ್ ಖಾನ್ ಎಂಬ ಅಂಗಡಿಯವರ ಬಾಗಿಲಿಗೆ ಗುಂಪೊಂದು ಲಾಠಿಯಿಂದ ಬಡಿಯುತ್ತಿತ್ತು. ಅವರು ಎರಡು ಗುಂಡು ಹಾರಿಸಿದರು, ಒಬ್ಬ ಸತ್ತ. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ಕೊಟ್ಟವು. 1952ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಗುಂಪು ಒಳಗೆ ಬರುವವರೆಗೆ, ಹೆಂಡತಿ ಮಕ್ಕಳ ಮೇಲೆ ಕೈ ಬೀಳುವವರೆಗೆ ಕಾಯಬೇಕಾಗಿರಲಿಲ್ಲ ಎಂಬುದು ಆ ತೀರ್ಪಿನ ಸಾರ. ಇಂಥ ಹೊತ್ತಿನಲ್ಲಿ ಮಾಡಿದ್ದನ್ನು ಚಿನ್ನದ ತಕ್ಕಡಿಯಲ್ಲಿಟ್ಟು ತೂಗಬಾರದು ಎಂಬ ಮಾತು ಅಲ್ಲಿಂದ ಇಲ್ಲಿಯವರೆಗೆ ತೀರ್ಪುಗಳಲ್ಲಿ ಮತ್ತೆ ಮತ್ತೆ ಬಂದಿದೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿನ ಹತ್ತು ಸೂತ್ರಗಳನ್ನು ಒಟ್ಟಿಗೆ ಇಟ್ಟಿತು. ಅಪಾಯವಿದೆ ಎಂಬ ನ್ಯಾಯವಾದ ಭಯ ಹುಟ್ಟಿದರೆ ಸಾಕು, ಪೆಟ್ಟು ಬೀಳುವವರೆಗೆ ಕಾಯಬೇಕಿಲ್ಲ. ಹಕ್ಕು ಆ ಭಯದೊಂದಿಗೆ ಹುಟ್ಟುತ್ತದೆ, ಆ ಭಯ ಇರುವಷ್ಟು ಕಾಲ ಮಾತ್ರ ಇರುತ್ತದೆ.

ಈ ಕೊನೆಯ ಮಾತು ಕಾನೂನಿನದ್ದಷ್ಟೇ ಅಲ್ಲ, ನೀತಿಯದ್ದೂ ಹೌದು. ಕತ್ತಿ ಬೀಸಿದವನ ಕೈಯಿಂದ ಕತ್ತಿ ಬಿದ್ದುಹೋದ ಮೇಲೆ ಕೊಡುವ ಪೆಟ್ಟು ರಕ್ಷಣೆಯಲ್ಲ. ಬೆನ್ನು ಹಾಕಿ ಓಡುತ್ತಿರುವವನ ಮೇಲೆ ಹಾರಿಸಿದ ಗುಂಡೂ ಅಲ್ಲ. ನಿನ್ನೆ ನಡೆದದ್ದಕ್ಕೆ ಇಂದು, ಒಬ್ಬ ಮಾಡಿದ್ದಕ್ಕೆ ಅವನ ಮತದ ಇನ್ನೊಬ್ಬನ ಮೇಲೆ ತೀರಿಸಿಕೊಳ್ಳುವುದಂತೂ ಯಾವ ಲೆಕ್ಕದಲ್ಲೂ ಆತ್ಮರಕ್ಷಣೆಯಾಗಲಾರದು. ಕರಾವಳಿಗೆ ಇದನ್ನು ಹೇಳಲೇಬೇಕಾಗಿದೆ. 2022ರ ಜುಲೈನಲ್ಲಿ ಸುಳ್ಯ ತಾಲೂಕಿನ ಬೆಳ್ಳಾರೆ ಪರಿಸರದಲ್ಲಿ ಇಬ್ಬರು ಯುವಕರು, ಅದರ ಬೆನ್ನಿಗೇ ಸುರತ್ಕಲ್‌ನಲ್ಲಿ ಒಬ್ಬ ಯುವಕ ಕೊಲೆಯಾದರು. ಮೂರೂ ಸಾವು ಹತ್ತು ದಿನಗಳೊಳಗೆ. ಯಾರು, ಏಕೆ ಎಂಬುದನ್ನು ತೀರ್ಮಾನಿಸಬೇಕಾದ್ದು ನ್ಯಾಯಾಲಯ. ಆದರೆ ಅಂಥ ದಿನಗಳಲ್ಲಿ ಊರೂರಲ್ಲಿ ಕೇಳಿಬರುವ ‘ನಮ್ಮವರನ್ನು ನಾವೇ ಕಾಯಬೇಕು’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಎದುರಿಗೆ ಬಂದ ದಾಳಿಯನ್ನು ತಡೆಯುವುದು ಆ ಮಾತಿನ ಅರ್ಥವಾದರೆ ಅದು ಎಲ್ಲರ ಹಕ್ಕು. ದಾಳಿಯನ್ನೇ ಮಾಡದ, ಬಹುಶಃ ಅದನ್ನು ಖಂಡಿಸಿರಬಹುದಾದ ಮನುಷ್ಯನನ್ನು ಹುಡುಕಿಕೊಂಡು ಹೋಗುವುದು ಅದರ ಅರ್ಥವಾದರೆ ಅದು ಕೊಲೆ. ರಕ್ಷಣೆಯ ಹೆಸರು ಕೊಟ್ಟ ಮಾತ್ರಕ್ಕೆ ಅದರ ಪಾಪ ಒಂದು ಕೂದಲಿನಷ್ಟೂ ಕಡಿಮೆಯಾಗುವುದಿಲ್ಲ.

ನ್ಯಾಯವಾದ ಆತ್ಮರಕ್ಷಣೆಗೂ ಭಾರವಿದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ಪರಂಪರೆಗಳು ಬೇರೆ ಬೇರೆ ಬಗೆಯಲ್ಲಿ ಎದುರಿಸಿವೆ. ಧರ್ಮಶಾಸ್ತ್ರಗಳ ಆತತಾಯಿ, ಅಂದರೆ ಬೆಂಕಿ ಇಡುವ, ವಿಷ ಹಾಕುವ, ಆಯುಧ ಎತ್ತಿ ಬರುವ ಮನುಷ್ಯ. ಅವನನ್ನು ಕೊಂದರೆ ದೋಷವಿಲ್ಲ ಎಂದು ಮನುಸ್ಮೃತಿ ಹೇಳುತ್ತದೆ. ಹಾಗಿದ್ದೂ ಗೀತೆಯ ಮೊದಲ ಅಧ್ಯಾಯದ ಅರ್ಜುನ, ಎದುರಿಗಿರುವವರು ಆತತಾಯಿಗಳೇ ಆದರೂ ಇವರನ್ನು ಕೊಂದರೆ ಪಾಪ ತಗಲುವುದು ತನಗೇ ಎಂದು ನಡುಗುತ್ತಾನೆ. ನಿಯಮ ಬಿಡುಗಡೆ ಕೊಟ್ಟ ಕಡೆಯಲ್ಲೇ ಮನಸ್ಸು ಹಿಂಜರಿಯುತ್ತದೆ.

ಈ ಹಿಂಜರಿತಕ್ಕೆ ಅತ್ಯಂತ ಖಚಿತವಾದ ರೂಪ ಕೊಟ್ಟವರು ಜೈನ ಆಚಾರ್ಯರು. ಅವರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಮತ್ತು ಮನೆಗೆಲಸಗಳಲ್ಲಿ ಆಗಿಹೋಗುವ ಆರಂಭೀ, ಕೃಷಿ ಮುಂತಾದ ಕಸುಬಿನಲ್ಲಿ ತಪ್ಪದ ಉದ್ಯೋಗೀ, ದಾಳಿಯನ್ನು ಎದುರಿಸುವಾಗಿನ ವಿರೋಧೀ. ಸನ್ಯಾಸಿ ನಾಲ್ಕನ್ನೂ ಬಿಡಬೇಕು. ಗೃಹಸ್ಥ ಪೂರ್ತಿಯಾಗಿ ಬಿಡಬೇಕಾದ್ದು ಸಂಕಲ್ಪೀ ಹಿಂಸೆಯನ್ನು. ಉಳಿದವು ಅವನ ಬದುಕಿನಲ್ಲಿ ತಪ್ಪಿದ್ದಲ್ಲ. ಹಾಗಾಗಿಯೇ ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಗಂಗರ ಸೇನಾಪತಿಯೂ ಆಗಿರಲು ಸಾಧ್ಯವಾಯಿತು. ಆದರೆ ತಪ್ಪಿದ್ದಲ್ಲ ಎಂದ ಮಾತ್ರಕ್ಕೆ ವಿರೋಧೀ ಹಿಂಸೆ ಹಿಂಸೆಯಾಗದೆ ಹೋಗುವುದಿಲ್ಲ. ಕರ್ಮ ಅದಕ್ಕೂ ಅಂಟುತ್ತದೆ. ಅನುಮತಿ ಇದೆ ಎಂಬುದು ಒಂದು, ಭಾರವಿಲ್ಲ ಎಂಬುದು ಇನ್ನೊಂದು ಎಂಬ ಈ ವಿವೇಕಕ್ಕಿಂತ ಹೆಚ್ಚಿನದನ್ನು ಆತ್ಮರಕ್ಷಣೆಯ ಬಗ್ಗೆ ಯಾವ ತತ್ವಶಾಸ್ತ್ರವೂ ಹೇಳಿದಂತಿಲ್ಲ. ತುಳುನಾಡಿನ ಜನಪದ ಕಥನಗೀತೆಯಾದ ಪಾಡ್ದನಕ್ಕೂ ಇದು ಗೊತ್ತು. ಪುತ್ತೂರಿನ ಪಡುಮಲೆಯ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯಲ್ಲಿ ಗದ್ದೆಯ ವಿವಾದ ಅವರ ಎದುರಾಳಿ ಬುದ್ಯಂತನ ಸಾವಿಗೆ ಬಂದು ಮುಟ್ಟುತ್ತದೆ. ಅನ್ಯಾಯ ಅನುಭವಿಸಿದವರು ಆ ಅಣ್ಣತಮ್ಮಂದಿರೇ. ಆದರೂ ಹುಟ್ಟಿದ ಊರು ಬಿಟ್ಟು ಪಂಜ, ಎಣ್ಮೂರುಗಳತ್ತ ನಡೆಯಬೇಕಾದವರೂ ಅವರೇ.

ಅಹಿಂಸೆಯನ್ನು ಬದುಕಿನ ವ್ರತವಾಗಿಸಿಕೊಂಡ ಗಾಂಧೀಜಿಯವರ ನಿಲುವನ್ನು ಇಲ್ಲಿ ತಪ್ಪಾಗಿ ತಿಳಿಯುವವರು ಹಲವರು. 1934ರಲ್ಲಿ ಪುತ್ತೂರಿಗೂ ಬಂದುಹೋದ ಅವರು, ಹೇಡಿತನ ಮತ್ತು ಹಿಂಸೆ ಇವೆರಡೇ ಆಯ್ಕೆಗಳಾಗಿದ್ದರೆ ಹಿಂಸೆಯನ್ನೇ ಸೂಚಿಸುವೆ ಎಂದು 1920ರಷ್ಟು ಹಿಂದೆಯೇ ಬರೆದಿದ್ದರು. ಅಹಿಂಸೆ ಅದಕ್ಕಿಂತ ಎಷ್ಟೋ ಮೇಲಿನದು ಎಂಬುದೂ ಅದೇ ಬರಹದಲ್ಲಿದೆ. ಕಾಪಾಡಬಲ್ಲವನು ಕೈಕಟ್ಟಿ ನಿಲ್ಲುವುದು ಅವರ ಕಣ್ಣಿನಲ್ಲಿ ಅಹಿಂಸೆಯಾಗಿರಲಿಲ್ಲ.

ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿ 20ರ ಬೆಳಿಗ್ಗೆ ನಡೆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಹಾಲಿನ ಸೊಸೈಟಿಯ ಕೆಲಸಕ್ಕೆ ನಡೆದು ಹೋಗುತ್ತಿದ್ದ ಯುವತಿಯ ಮೇಲೆ ಕಾಡಾನೆ ದಾಳಿ ಮಾಡಿತು. ಅವರ ಕೂಗು ಕೇಳಿ ನೆರೆಯವರೊಬ್ಬರು ಓಡಿಬಂದರು. ಆನೆ ಅವರನ್ನೂ ತುಳಿಯಿತು. ಇಬ್ಬರೂ ಬದುಕಲಿಲ್ಲ. ಓಡಿಬಂದವರಿಗೆ ಯೋಚಿಸಲು ಸಮಯವಿರಲಿಲ್ಲ. ಇನ್ನೊಬ್ಬರ ದೇಹವನ್ನು ರಕ್ಷಿಸುವ ಹಕ್ಕು ಎಂದು ಸಂಹಿತೆ ಯಾವುದನ್ನು ಕರೆಯುತ್ತದೋ ಅದನ್ನು ಅವರು ಕರ್ತವ್ಯವೆಂದು ತಿಳಿದು ನಡೆದುಬಿಟ್ಟರು. ಆತ್ಮರಕ್ಷಣೆಯ ಚರ್ಚೆಯಲ್ಲಿ ಈ ಮುಖ ಬಹಳ ಸಲ ಮರೆಯಾಗುತ್ತದೆ. ಸಾಕಾನೆಗಳನ್ನು ತರಿಸಿ ಅರಣ್ಯ ಇಲಾಖೆ ಕೆಲವೇ ದಿನಗಳಲ್ಲಿ ಒಂದು ಆನೆಯನ್ನು ಸೆರೆಹಿಡಿದು ದುಬಾರೆಯ ಆನೆ ಶಿಬಿರಕ್ಕೆ ಸಾಗಿಸಿತು. ಆ ಹೊತ್ತಿಗೆ ಸಿಬ್ಬಂದಿಯ ವಾಹನಗಳ ಮೇಲೆ ಕಲ್ಲು ಬಿದ್ದದ್ದೂ ಉಂಟು. ಊರಿನವರ ಸಂಕಟ ನಿಜ, ಆದರೆ ಆ ಕಲ್ಲುಗಳು ಯಾರನ್ನೂ ರಕ್ಷಿಸಲಿಲ್ಲ.

ಆನೆಗೆ ಮನುಷ್ಯನ ಹಾಗೆ ಅಪರಾಧದ ಮನಸ್ಸಿಲ್ಲ. ಹುಚ್ಚನ ದಾಳಿಯ ಎದುರೂ ಆತ್ಮರಕ್ಷಣೆಯ ಹಕ್ಕು ಇದ್ದೇ ಇದೆ ಎಂದು 36ನೇ ಕಲಮು ಹೇಳುತ್ತದೆ, ಏಕೆಂದರೆ ಹಕ್ಕು ಹುಟ್ಟುವುದು ಎದುರಿರುವವನ ತಪ್ಪಿನಿಂದ ಅಲ್ಲ, ಎದುರಿರುವ ಅಪಾಯದಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮು ಇದನ್ನೇ ಪ್ರಾಣಿಗಳಿಗೂ ಅನ್ವಯಿಸುತ್ತದೆ. ತನ್ನ ಅಥವಾ ಬೇರೊಬ್ಬರ ಪ್ರಾಣ ಉಳಿಸಲು ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದರೆ, ಗಾಯಗೊಳಿಸಿದರೆ ಅಪರಾಧವಲ್ಲ. ಒಂದೇ ಷರತ್ತು: ಆ ಹೊತ್ತಿಗೆ ಅವನು ಅದೇ ಕಾಯ್ದೆಯನ್ನು ಮುರಿಯುವ ಕೆಲಸದಲ್ಲಿ ತೊಡಗಿರಬಾರದು. ಕಳ್ಳಬೇಟೆಗೆ ಹೋದವನು ಹಂದಿ ತಿರುಗಿಬಿದ್ದಿತು ಎಂದು ರಕ್ಷಣೆಯ ಮಾತಾಡುವಂತಿಲ್ಲ. ಬೆಳೆಗೆ ಈ ವಿನಾಯಿತಿ ಇಲ್ಲ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಅನುಮತಿ ಬೇಕು, ಅದೂ ಆನೆಯಂಥ ಒಂದನೇ ಅನುಸೂಚಿಯ ಪ್ರಾಣಿಗೆ ಬೆಳೆಹಾನಿಯ ಕಾರಣಕ್ಕೆ ಸಿಗುವುದಿಲ್ಲ. ಪಕ್ಕದ ಕೇರಳ 2022ರಲ್ಲಿ ಕಾಡುಹಂದಿಯ ವಿಷಯದಲ್ಲಿ ಇಂಥ ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು.

ಕೃಷಿಕನಿಗೆ ಈ ವ್ಯತ್ಯಾಸ ಕ್ರೂರವೆನಿಸುವುದು ಸಹಜ. ಫಸಲಿಗೆ ಬರಲು ವರ್ಷಗಟ್ಟಲೆ ಹಿಡಿಯುವ ಅಡಿಕೆ ಮರ ಒಂದೇ ರಾತ್ರಿಯಲ್ಲಿ ನೆಲಕ್ಕುರುಳಿದರೆ ಅವನು ಕಳೆದುಕೊಳ್ಳುವುದು ಬರಿಯ ಆಸ್ತಿಯನ್ನಲ್ಲ, ಜೀವನೋಪಾಯವನ್ನು. ಮಂಡೆಕೋಲು, ಆಲೆಟ್ಟಿ, ಅಜ್ಜಾವರ ಕಡೆಯವರು ಗರ್ನಾಲು ಹೊಡೆದು, ಡಬ್ಬ ಬಡಿದು, ಬೆಂಕಿ ಹಾಕಿ ರಾತ್ರಿ ಕಳೆಯುತ್ತಾರೆ. ಚುನಾವಣೆ ಘೋಷಣೆಯಾದರೆ ಲೈಸನ್ಸ್ ಇರುವ ಕೋವಿಯನ್ನೂ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಗುಂಡು ಆನೆಗಲ್ಲ, ಸದ್ದಿಗೆ ಎಂದು ಎಷ್ಟು ಹೇಳಿದರೂ ಪ್ರತಿ ಸಲ ಅದೇ ಅಲೆದಾಟ. ಇಷ್ಟೆಲ್ಲ ನಷ್ಟ ಉಂಡವರ ನಡುವೆಯೇ, 2023ರ ಏಪ್ರಿಲ್‌ನಲ್ಲಿ ಅಜ್ಜಾವರದ ತೋಟವೊಂದರ ಕೆರೆಗೆ ಮರಿಗಳ ಸಹಿತ ನಾಲ್ಕು ಆನೆಗಳು ಬಿದ್ದಾಗ ಊರವರು ಅರಣ್ಯ ಸಿಬ್ಬಂದಿಯ ಜತೆ ಸೇರಿ ದಾರಿ ಮಾಡಿಕೊಟ್ಟು ಅವುಗಳನ್ನು ಮೇಲೆ ಹತ್ತಿಸಿದರು. ಅಪಾಯ ಮಾಡುವ ಪ್ರಾಣಿ ಅಪಾಯ ಮಾಡಲಾಗದ ಸ್ಥಿತಿಯಲ್ಲಿದ್ದಾಗ ಅದರ ಮೇಲೆ ಕೈ ಎತ್ತಬಾರದು ಎಂಬುದನ್ನು ಅವರಿಗೆ ಯಾವ ಕಲಮೂ ಕಲಿಸಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಬೇಲಿಯ ತಂತಿಗೆ ಮನೆಯ ಲೈನಿನಿಂದ ನೇರ ಕರೆಂಟು ಕೊಡುವ ಅಭ್ಯಾಸ. ಆತ್ಮರಕ್ಷಣೆಯ ನೀತಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ತಪ್ಪು ಇಲ್ಲ. ಕೋವಿ ಹಿಡಿದವನು ಎದುರಿರುವುದನ್ನು ನೋಡುತ್ತಾನೆ, ಹಂದಿಯೋ ಮನುಷ್ಯನೋ, ಬರುತ್ತಿದೆಯೋ ಹೋಗುತ್ತಿದೆಯೋ ಎಂದು ತಿಳಿಯಲು ಅವನಿಗೆ ಒಂದು ಕ್ಷಣವಾದರೂ ಇದೆ. ತಂತಿಗೆ ಕಣ್ಣಿಲ್ಲ. ಹಂದಿಗೆಂದು ಇಟ್ಟದ್ದು ಆನೆಯನ್ನು ಕೊಲ್ಲುತ್ತದೆ, ದನವನ್ನು ಕೊಲ್ಲುತ್ತದೆ, ಬೆಳಗಿನ ಜಾವ ಪಂಪಿನ ಸ್ವಿಚ್ ಹಾಕಲು ಹೊರಟ ಮನೆಯವರನ್ನೇ ಕೊಲ್ಲುತ್ತದೆ. ಬಿಹಾರದ ಚೆರುಬಿನ್ ಗ್ರೆಗರಿ ಎಂಬಾತ ತನ್ನ ಶೌಚಾಲಯಕ್ಕೆ ನೆರೆಯವರು ಬರದಿರಲೆಂದು ಆ ದಾರಿಗೆ ಕರೆಂಟಿನ ತಂತಿ ಕಟ್ಟಿದ್ದ. ನೆರೆಮನೆಯ ಹೆಂಗಸು ಅದನ್ನು ಮುಟ್ಟಿ ಸತ್ತಳು. ಆಸ್ತಿಯ ರಕ್ಷಣೆ ಎಂಬ ಅವನ ವಾದವನ್ನು 1963ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅತಿಕ್ರಮಿಸಿದ ಮಾತ್ರಕ್ಕೆ ಮನುಷ್ಯನ ಜೀವಕ್ಕೆ ಬೆಲೆಯಿಲ್ಲದೆ ಹೋಗುವುದಿಲ್ಲ ಎಂದು ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಣಕಾಲದ ಮಿಡಿತಗಳಲ್ಲಿ ಆಘಾತ ಕೊಟ್ಟು ಹಿಮ್ಮೆಟ್ಟಿಸುವ ಸೋಲಾರ್ ಬೇಲಿ ಲಭ್ಯವಿರುವಾಗ ಕೊಲ್ಲುವ ತಂತಿಗೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಒಬ್ಬ ವ್ಯಕ್ತಿಯ ಬದಲು ಇಡೀ ಜನತೆಯೇ ದಾಳಿಗೆ ಒಳಗಾದಾಗ ಏನು? ಸುಳ್ಯದ ಇತಿಹಾಸವೇ ಈ ಪ್ರಶ್ನೆಯನ್ನು ಕೇಳಿದೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು, ಅಂದರೆ ಕಂದಾಯ ವಿಭಾಗಗಳನ್ನು, ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿದರು. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ ರೈತರು ದಂಗೆ ಎದ್ದರು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು, ಏಪ್ರಿಲ್ 5ಕ್ಕೆ ಮಂಗಳೂರನ್ನು ಹಿಡಿದು 13 ದಿನ ಆಳಿದರು. ಕೊನೆಗೆ ಮುಂದಾಳುಗಳಲ್ಲಿ ಕೆಲವರಿಗೆ ಸಿಕ್ಕಿದ್ದು ಗಲ್ಲು. ಅದೇ 1837ರಲ್ಲಿ ಮೆಕಾಲೆಯ ಆಯೋಗ ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸಿತು. ಆತ್ಮರಕ್ಷಣೆಯ ಹಕ್ಕಿಗೆ ಹೆಚ್ಚು ಕಡಿವಾಣ ಹಾಕುವುದಕ್ಕಿಂತ ಈ ದೇಶದ ಜನರಲ್ಲಿ ಆ ಕೆಚ್ಚನ್ನು ಎಬ್ಬಿಸುವುದೇ ಮೇಲು ಎಂದು ಕರಡಿನ ಟಿಪ್ಪಣಿ ಹೇಳಿತು. ಆ ಕೆಚ್ಚು ಸರಕಾರದ ಎದುರು ಎದ್ದಾಗ ಮಾತ್ರ ಅದಕ್ಕೆ ರಾಜದ್ರೋಹದ ಹೆಸರು ಬಂತು.

ಈ ದಂಗೆಯನ್ನು ‘ಕಲ್ಯಾಣಸ್ವಾಮಿ’ ಕಾದಂಬರಿಯಾಗಿಸಿದ ಕುಳ್ಕುಂದದ ನಿರಂಜನರು, ಕಾಸರಗೋಡಿನ ಕಯ್ಯೂರಿನ ರೈತ ಹೋರಾಟವನ್ನು ‘ಚಿರಸ್ಮರಣೆ’ಯಲ್ಲಿ ಬರೆದರು. ಪೊಲೀಸ್ ದೌರ್ಜನ್ಯವನ್ನು ಪ್ರತಿಭಟಿಸಿ 1941ರ ಮಾರ್ಚ್ 28ರಂದು ಹೊರಟ ಮೆರವಣಿಗೆಯ ಕೈಗೆ ಒಬ್ಬ ಪೊಲೀಸ್ ಪೇದೆ ಸಿಕ್ಕಿಬಿದ್ದ. ಹೊಳೆಗೆ ಹಾರಿದ ಅವನು ಅಲ್ಲೇ ಸತ್ತ. ಆ ಪ್ರಕರಣದಲ್ಲಿ 1943ರ ಮಾರ್ಚ್ 29ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಹೋರಾಟ ನ್ಯಾಯದ್ದು, ಆ ನಾಲ್ವರ ತ್ಯಾಗ ದೊಡ್ಡದು. ಒಂಟಿಯಾಗಿ ಸಿಕ್ಕಿದ ಪೇದೆಯ ಸಾವು ಮಾತ್ರ ಆತ್ಮರಕ್ಷಣೆಯ ಲೆಕ್ಕಕ್ಕೆ ಸೇರುವುದಿಲ್ಲ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದೆ ಪ್ರಾಮಾಣಿಕವಾದ ನೆನಪು ಸಾಧ್ಯವಿಲ್ಲ.

ಪ್ರಾಣ ಉಳಿಸಿಕೊಳ್ಳಲು ಬಲ ಪ್ರಯೋಗಿಸಿದವರು ಆಮೇಲೆ ಮಾಡಬೇಕಾದ ಕೆಲಸಗಳೂ ಇವೆ. ತಡಮಾಡದೆ 112ಕ್ಕೆ ಕರೆ ಮಾಡಬೇಕು, ಆಯುಧವನ್ನು ಅಡಗಿಸಬಾರದು, ಗಾಯಗೊಂಡು ಬಿದ್ದವನು ದಾಳಿಕೋರನೇ ಆದರೂ ಆಸ್ಪತ್ರೆಗೆ ಸೇರಿಸಬೇಕು. ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ಆರೋಪಿಯ ಮೇಲಿದೆ, ಆದರೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ಒಳ್ಳೆಯ ಮನಸ್ಸಿನಿಂದಲೇ ಮಿತಿ ದಾಟಿ ಕೊಂದಿದ್ದರೆ ಅದು ಕೊಲೆಯಲ್ಲದ ನರಹತ್ಯೆ, ಶಿಕ್ಷೆ ಕಡಿಮೆ. ಕಾಡುಪ್ರಾಣಿಯ ವಿಷಯದಲ್ಲಿ, ಪ್ರಾಣರಕ್ಷಣೆಗೆ ಕೊಂದದ್ದು ಸರಕಾರದ ಸೊತ್ತು. ಅದನ್ನು 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು. ಮಾಂಸ ಪಾಲು ಮಾಡಿಕೊಂಡರೆ ಅದು ಬೇಟೆ.